ಒಂದು ಚೊಂಬು ತಣ್ಣೀರು

ಆ ಮನೆಯ ಗೀಸರ್ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಸಿಕ್ಕಸಿಕ್ಕವರನ್ನು ಬೈದುಕೊಂಡು ಕೂರುವುದು ತಪ್ಪುತ್ತದೆ. ಬಚ್ಚಲುಮನೆಯ ಗೋಡೆಯ ಮೇಲೆ ಅದು ತನ್ನ ಪಾಡಿಗೆ ತಾನು ನೀರು ಕಾಯಿಸಿಕೊಂಡಿತ್ತು. ಕೆಟ್ಟಿದೆ ಎಂದವರು ಅತ್ತೆ. ಕೆಟ್ಟಿಲ್ಲ ಎಂದು ಗೊತ್ತಿದ್ದವಳು ಸೊಸೆ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತವಳೂ ಅವಳೇ.

ಅತ್ತೆಯನ್ನು ಬೀದಿಯವರೆಲ್ಲ ಆಯಮ್ಮ ಎನ್ನುತ್ತಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ತಲೆ ಬೆಳ್ಳಗಾಗುವವರೆಗೆ ಅಲ್ಲೇ ದುಡಿದು, ಆಗತಾನೆ ಹುಟ್ಟಿದ ಕೂಸುಗಳಿಗೆ ಮೊದಲ ಸ್ನಾನ ಮಾಡಿಸಿದವರು. ಮೀಸೆ ಬಂದ ಹುಡುಗರು ಬೀದಿಯಲ್ಲಿ ಎದುರಾದರೆ, ನಿನ್ನ ಕುಂಡಿ ತೊಳೆದವಳು ನಾನೇ ಕಣೋ ಎಂದು ನಾಲ್ಕು ಜನರ ಮುಂದೆ ಅವರ ಮಾನ ಕಳೆಯುತ್ತಿದ್ದರು. ಹುಡುಗರು ನಾಚಿ ನೀರಾಗುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಆಯಾಗಳಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠವೆಂದರೆ ನೀರಿಗೆ ಮೊಣಕೈ ಇಟ್ಟು ನೋಡಬೇಕು, ಅಂಗೈಯನ್ನು ನಂಬಬಾರದು ಎನ್ನುವುದು. ಆದರೆ ಈ ಪಾಠ ಬೇರೆಯವರಿಗೆ. ತಮ್ಮ ಅಂಗೈಯ ವಿಷಯ ಬೇರೆ, ಅದು ಪಳಗಿದ ಕೈ, ನೀರಿಗೆ ತಾಗಿದರೆ ಸಾಕು, ಹದ ಹೇಳುತ್ತದೆ ಎಂದು ಅವರು ನಂಬಿದ್ದರು. ಮನೆಯವರೂ ನಂಬಿದ್ದರು.

ನಂಬದೆ ಏನು ಮಾಡುತ್ತಾರೆ? ಒಲೆಯ ಮೇಲೆ ಕೊತಕೊತ ಕುದಿಯುವ ಪಾತ್ರೆಯನ್ನು ಅತ್ತೆ ಬಟ್ಟೆಯನ್ನೂ ಹಿಡಿಯದೆ ಇಳಿಸಿಬಿಡುತ್ತಿದ್ದರು. ‘ನಮ್ಮಮ್ಮನ ಕೈಗೆ ಇಕ್ಕಳ ಬೇಡ’ ಎಂದು ಮಗ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ. ಅದೇ ಕೈ ರವಿಕೆಯ ಗುಂಡಿ ಸಿಗದೆ ತಡಕಾಡುತ್ತಿತ್ತು, ಸೂಜಿಯನ್ನು ಹಿಡಿದ ಹಾಗೇ ಬೀಳಿಸುತ್ತಿತ್ತು. ಅದಕ್ಕೆ ಮಾತ್ರ ವಯಸ್ಸಾಯಿತು ಎಂದುಕೊಂಡರು. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಹೋದಾಗಲೆಲ್ಲ ಡಾಕ್ಟರು ಪಾದಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಕೈಯನ್ನು ತೋರಿಸಿ ಎಂದು ಯಾರೂ ಕೇಳಲಿಲ್ಲ, ಅವರೂ ತೋರಿಸಲಿಲ್ಲ.

ಸೊಸೆ ಔಷಧದ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದವಳು. ಹೆರಿಗೆಗೆಂದು ರಜೆ ಹಾಕಿ ಮನೆಯಲ್ಲಿದ್ದಳು. ಹೆಣ್ಣು ಮಗು, ಪುಟ್ಟಿ ಎಂದು ಕರೆಯುತ್ತಿದ್ದರು. ಗಂಡ ಬೇಕರಿಯ ವ್ಯಾನ್ ಓಡಿಸುವವನು. ಬೆಳಕು ಹರಿಯುವ ಮುಂಚೆ ಮನೆ ಬಿಟ್ಟರೆ ಮಧ್ಯಾಹ್ನದ ಮೇಲೆ ಬರುವವನು, ಮಗಳ ಸ್ನಾನ ಎಂದರೆ ಅವನಿಗೆ ಪೌಡರಿನ ವಾಸನೆ ಅಷ್ಟೇ. ಸ್ನಾನ ಮಾಡಿಸುವುದು ಅತ್ತೆಯ ಕೆಲಸ. ಆ ಕೆಲಸ ಅವರಿಗೆ ಎಷ್ಟು ಮುಖ್ಯ ಎನ್ನುವುದು ಸೊಸೆಗೆ ಗೊತ್ತಿತ್ತು. ಆಸ್ಪತ್ರೆ ಬಿಟ್ಟ ಮೇಲೆ ಮಂಕಾಗಿ, ಗೋಡೆ ನೋಡುತ್ತ ಕೂತಿರುತ್ತಿದ್ದ ಹೆಂಗಸು ಪುಟ್ಟಿ ಹುಟ್ಟಿದ ಮೇಲೆ ಎದ್ದು ಓಡಾಡತೊಡಗಿದ್ದರು. ಬೆಳಗ್ಗೆ ಎದ್ದರೆ ಸೆರಗು ಸಿಕ್ಕಿಸಿಕೊಂಡು, ಟಬ್ ತೊಳೆದು, ಯಾವ ಡಾಕ್ಟರಿಗೂ ಕಡಿಮೆಯಿಲ್ಲದ ಠೀವಿಯಲ್ಲಿ ಬಚ್ಚಲುಮನೆಗೆ ಹೊಕ್ಕರೆ, ನೋಡುವುದಕ್ಕೇ ಒಂದು ಚೆಂದ.

ಮಗುವಿಗೆ ನಾಲ್ಕು ತಿಂಗಳಿದ್ದಾಗ ಒಂದು ದಿನ ಅತ್ತೆ ನೀರು ಹದ ಮಾಡಿ, ಕೈಯಾಡಿಸಿ, ಸರಿ ಇದೆ ಎಂದು ಟವೆಲಿಗಾಗಿ ಆಚೆ ತಿರುಗಿದರು. ಟಬ್ಬಿನ ಅಂಚಿನಲ್ಲಿದ್ದ ಸೋಪು ನೀರಿಗೆ ಜಾರಿತು. ಎತ್ತಲೆಂದು ಸೊಸೆ ಕೈ ಹಾಕಿದಳು. ಚುರ್ ಎಂದಿತು. ಕೈ ಹಿಂದಕ್ಕೆಳೆದುಕೊಂಡು, ಬಿಸಿ ಜಾಸ್ತಿಯಾಯಿತೇನೋ ಅತ್ತೆ ಎಂದು ಮೆಲ್ಲಗೆ ಅಂದಳು. ಅತ್ತೆ ನಕ್ಕರು. ‘ನೀನು ಎಷ್ಟು ಮಕ್ಕಳಿಗೆ ಸ್ನಾನ ಮಾಡಿಸಿದೀಯಮ್ಮ?’ ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಆದರೆ ಅವತ್ತು ಇಡೀ ದಿನ ಮಾತಿಲ್ಲ, ಕತೆಯಿಲ್ಲ, ಊಟಕ್ಕೆ ಕರೆದರೆ ಹಸಿವಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಬೇಕಿತ್ತಾ ನನಗೆ ಈ ಮಾತು ಎಂದು ಸೊಸೆ ತನ್ನನ್ನೇ ಬೈದುಕೊಂಡಳು.

ಮಾರನೆಯ ದಿನದಿಂದ ಅವಳೊಂದು ದಾರಿ ಕಂಡುಕೊಂಡಳು. ಅತ್ತೆ ಹದ ನೋಡಿ ಟವೆಲಿಗೆ ತಿರುಗುವುದೇ ತಡ, ಪಕ್ಕದ ಬಕೆಟ್ಟಿನಿಂದ ಒಂದು ಚೊಂಬು ತಣ್ಣೀರು ಎತ್ತಿ ಸದ್ದಾಗದಂತೆ ಟಬ್ಬಿಗೆ ಬಿಟ್ಟುಬಿಡುವುದು. ಮಗುವೂ ಕ್ಷೇಮ, ಅತ್ತೆಯ ಮನಸ್ಸೂ ಕ್ಷೇಮ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಳು, ಪಾಪ.

ಆದರೆ ಅತ್ತೆಯ ಕೈ ಪೂರ್ತಿ ಸತ್ತಿರಲಿಲ್ಲ ನೋಡಿ, ಅಲ್ಲೇ ಬಂತು ತಾಪತ್ರಯ. ಹದ ಮಾಡಿದ ನೀರು ಮಗುವನ್ನು ಇಳಿಸುವಷ್ಟರಲ್ಲಿ ಆರಿಹೋದಂತೆ ಅವರಿಗೆ ಅನಿಸುತ್ತಿತ್ತು. ಇದೇನಿದು, ಈಗಿನ್ನೂ ಬಿಸಿ ಇತ್ತು, ಆಗಲೇ ತಣ್ಣಗಾಯಿತಲ್ಲ, ಈ ಗೀಸರಿನ ನೀರಿಗೆ ಕಸುವೇ ಇಲ್ಲ ಎಂದು ಗೊಣಗಿದರು. ಮಾರನೆಯ ದಿನ ಬಿಸಿನೀರು ಹೆಚ್ಚು ಸುರಿದರು. ಸೊಸೆ ತಣ್ಣೀರು ಹೆಚ್ಚು ಸುರಿದಳು. ಹೀಗೇ ತಿಂಗಳುಗಟ್ಟಲೆ ಹಾವು ಏಣಿ ಆಟ ನಡೆದು, ಕೊನೆಗೆ ಒಂದು ದಿನ ಅತ್ತೆ ಕಡ್ಡಿ ಮುರಿದಂತೆ ಹೇಳಿದರು, ಗೀಸರ್ ಕೆಟ್ಟಿದೆ, ರಿಪೇರಿಯವನನ್ನು ಕರೆಸು.

ಆಗಲಾದರೂ ಹೇಳಬಹುದಿತ್ತು. ಅವಳು ಹೇಳಲಿಲ್ಲ.

ಬಂದವನು ಬೀದಿಯವರೆಲ್ಲ ಟೆಸ್ಟರ್ ಎಂದು ಕರೆಯುವ ಮೆಕ್ಯಾನಿಕ್. ಜೇಬಿನಲ್ಲಿ ಸದಾ ಕರೆಂಟು ನೋಡುವ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದ. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ ಅವನ ಹೆಂಡತಿಯೂ ಫೋನಿನಲ್ಲಿ ಟೆಸ್ಟರ್ ಇದ್ದಾರಾ ಎಂದೇ ಕೇಳುತ್ತಿದ್ದಳು. ಅವನು ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ನೀರು ಖಾಲಿ ಮಾಡಿ, ಕೆಳಗಿನ ಮುಚ್ಚಳ ಬಿಚ್ಚಿದ. ನೀರು ಕಾಯಿಸುವ ಕಾಯಿಲಿಗೆ ಸುಣ್ಣ ಕಟ್ಟಿಕೊಂಡು ದಪ್ಪ ಬೇರಿನಂತಾಗಿತ್ತು. ಇದೇ ನೋಡಿ ರೋಗ ಎಂದು ಖುಷಿಯಿಂದ ತೋರಿಸಿ, ಕೆರೆದು ತೊಳೆದು, ಹೊಸ ವಾಷರ್ ಕೂರಿಸಿ, ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟನ್ನೂ ಬದಲಾಯಿಸಿ ಹೋದ. ನೀರು ಹೊಗೆಯಾಡುತ್ತಿತ್ತು. ಎರಡು ದಿನ ಬಿಟ್ಟು ಅತ್ತೆ ಮತ್ತೆ ಅದೇ ರಾಗ ಎಳೆದರು.

ಟೆಸ್ಟರ್ ಎರಡನೆಯ ಸಲ ಬಂದಾಗ ಬಿಚ್ಚಬೇಕಾದ್ದನ್ನೆಲ್ಲ ಬಿಚ್ಚಿ ನೋಡಿದ, ವೈರು ನೋಡಿದ, ಸ್ವಿಚ್ಚು ನೋಡಿದ. ನಲ್ಲಿಯಡಿ ತನ್ನ ಬೆರಳು ಹಿಡಿದು ಉಸ್ ಎಂದು ಕೈ ಝಾಡಿಸಿದ. ಅಮ್ಮ, ಇದಕ್ಕಿಂತ ಬಿಸಿ ಬೇಕಿದ್ದರೆ ಒಲೆಯ ಮೇಲೇ ಕಾಯಿಸಬೇಕು ಎಂದ. ಅತ್ತೆ ಅದೇ ನಲ್ಲಿಯಡಿ ಕೈ ಹಿಡಿದು, ಉಗುರು ಬೆಚ್ಚಗಿದೆ ಎಂದು ಮೂಗು ಮುರಿದರು. ಟೆಸ್ಟರ್ ಅವರ ಕೈಯನ್ನು ನೋಡಿದ, ಮುಖ ನೋಡಿದ, ಸಾಮಾನು ಕಟ್ಟಿಕೊಂಡ. ಮೆಟ್ಟಿಲಿನವರೆಗೆ ಬಂದ ಸೊಸೆಗೆ ಮಾತ್ರ ದನಿ ತಗ್ಗಿಸಿ ಹೇಳಿದ, ‘ಅಕ್ಕ, ಗೀಸರಿಗೆ ಏನೂ ಆಗಿಲ್ಲ. ಅಮ್ಮನ ಕೈ ಒಂದ್ಸಲ ಡಾಕ್ಟರಿಗೆ ತೋರಿಸಿ.’

‘ಮೆಲ್ಲಗೆ, ಕೇಳಿಸಿಕೊಂಡಾರು’ ಎಂದಳು ಸೊಸೆ.

ಅವಳು ಮನಸ್ಸಿನಲ್ಲಿ ಅಂದುಕೊಂಡಿದ್ದನ್ನು ಬೇರೊಬ್ಬರ ಬಾಯಿ ಹೇಳಿತ್ತು. ಗಂಡನಿಗೆ ಹೇಳೋಣ ಎಂದುಕೊಂಡಳು. ಅವನು ಬಂದಾಗ ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು, ಮಗು ಅವರ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆ ಹೋಗಿತ್ತು. ಅದನ್ನು ನೋಡಿಕೊಂಡು ಯಾವ ಬಾಯಲ್ಲಿ ಹೇಳುವುದು? ಇನ್ನೊಂದು ಯೋಚನೆಯೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ರಜೆ ಮುಗಿಯುತ್ತ ಬಂದಿತ್ತು. ಅಂಗಡಿಯ ಯಜಮಾನ ಬರುತ್ತೀಯೋ ಬೇರೆಯವರನ್ನು ಇಟ್ಟುಕೊಳ್ಳಲೋ ಎಂದು ಆಗಲೇ ಕೇಳಿದ್ದ. ಅತ್ತೆ ಮಗುವನ್ನು ನೋಡಿಕೊಂಡರೆ ಕೆಲಸ ಉಂಟು, ಅತ್ತೆ ಮುನಿಸಿಕೊಂಡರೆ ಇಲ್ಲ. ಈ ಲೆಕ್ಕ ಅವಳ ತಲೆಯಲ್ಲಿ ಇರಲೇ ಇಲ್ಲ ಎಂದರೆ ಅದು ಸುಳ್ಳು.

ಹೊಸ ಗೀಸರ್ ತರುವುದೆಂದಾಯಿತು. ಅಂಗಡಿಯ ಗೋಡೆ ತುಂಬ ಬೆಳ್ಳನೆಯ ಗೀಸರುಗಳು, ಒಂದರ ಪಕ್ಕ ಒಂದು. ಮಾರುವವನು ಒಂದೇ ಉಸಿರಿಗೆ ಲೀಟರು, ಸ್ಟಾರು, ಒಳಗಿನ ಲೇಪ, ಗ್ಯಾರಂಟಿ ಎಲ್ಲ ಒದರಿದ. ಸೊಸೆಯ ಕಣ್ಣು ಒಂದರ ಮೇಲೆ ನೆಟ್ಟಿತ್ತು. ಅದರ ಹೊಟ್ಟೆಯ ಮೇಲೆ ನೀರಿನ ಬಿಸಿ ಎಷ್ಟೆಂದು ಕೆಂಪು ಅಂಕಿಯಲ್ಲಿ ಕಾಣುತ್ತಿತ್ತು. ಇಷ್ಟಕ್ಕಿಂತ ಮೇಲೆ ಹೋಗಬೇಡ ಎಂದು ಒಮ್ಮೆ ಹೇಳಿಟ್ಟರೆ ಹೋಗುವುದಿಲ್ಲವಂತೆ, ಮಕ್ಕಳಿರುವ ಮನೆಗೆಂದೇ ಮಾಡಿದ್ದಂತೆ. ಸೊಸೆಗೆ ಜೀವ ಬಂದಂತಾಯಿತು. ಯಾರ ಮನಸ್ಸನ್ನೂ ನೋಯಿಸದೆ, ಯಾರ ಬಾಯಿಗೂ ಬೀಳದೆ, ಗೋಡೆಯ ಮೇಲಿನ ಡಬ್ಬಿಯೇ ಎಲ್ಲವನ್ನೂ ನೋಡಿಕೊಳ್ಳುತ್ತದಲ್ಲ. ಇದನ್ನೇ ತಗೊಳ್ಳೋಣ ಎಂದಳು.

‘ಅಂಕಿ ನೋಡಿ ಸ್ನಾನ ಮಾಡಿಸೋಕೆ ಅದೇನು ಮಗುನೋ, ರೇಡಿಯೋನೋ?’ ಎಂದರು ಅತ್ತೆ.

ಮಾರುವವನು ನಕ್ಕ, ಮಗ ಇನ್ನೂ ಜೋರಾಗಿ ನಕ್ಕ. ಅಲ್ಲಿಗೆ ತೀರ್ಮಾನವಾಯಿತು. ಅತ್ತೆ ಆರಿಸಿದ್ದು ಕೆಳಗಡೆ ದೊಡ್ಡ ತಿರುಗುಗುಂಡಿ ಇರುವ ಗೀಸರ್. ಬೇಕೆಂದಾಗ ತಾವೇ ತಿರುಗಿಸಿಕೊಳ್ಳಬಹುದು, ಈ ಟೆಸ್ಟರನ ಕಾಲು ಹಿಡಿಯಬೇಕಿಲ್ಲ ಎಂದರು. ಸೊಸೆ ಗಂಡನ ತೋಳು ಹಿಡಿದು ಒಂದು ಸಲ ಎಳೆದಳು. ಏನೇ ಎಂದ. ಅತ್ತೆ ಪಕ್ಕದಲ್ಲೇ ಇದ್ದರು. ಏನಿಲ್ಲ ಎಂದಳು.

ಕೂರಿಸಲು ಟೆಸ್ಟರನೇ ಬಂದ. ಹಳೆಯದನ್ನು ಇಳಿಸಿ, ಗೋಡೆಗೆ ಹೊಸ ತೂತು ಕೊರೆದು, ಬೋಲ್ಟ್ ಬಿಗಿದು, ಗೀಸರನ್ನು ತೂಗುಹಾಕಿ, ಪೈಪುಗಳಿಗೆ ಬಿಳಿ ಟೇಪ್ ಸುತ್ತಿ ಜೋಡಿಸಿದ. ಟ್ಯಾಂಕ್ ತುಂಬಿ ನಲ್ಲಿಯಲ್ಲಿ ನೀರು ಬರುವವರೆಗೆ ಸ್ವಿಚ್ ಮುಟ್ಟಬೇಡಿ ಎಂದು ಮನೆಯವರಿಗೆಲ್ಲ ಕೇಳುವಂತೆ ಹೇಳಿದ. ನೀರು ಬಂತು, ಸ್ವಿಚ್ ಹಾಕಿದ, ಗುಂಡಿಯನ್ನು ನಡುವೆ ನಿಲ್ಲಿಸಿದ. ಕಾದ ನೀರಿಗೆ ಅತ್ತೆ ಕೈ ಹಿಡಿದರು. ಸಾಲದು ಎಂದರು. ಇನ್ನಷ್ಟು ತಿರುಗಿಸಿದ, ಕಾದು ನೋಡಿದರು, ಸಾಲದು. ಅವನಿಗೂ ಬೇರೆ ಮನೆಗಳ ಕೆಲಸವಿತ್ತು, ತಲೆ ಚಿಟ್ಟು ಹಿಡಿದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟ. ಆಮೇಲೆ ಅವನಿಗೇ ಸರಿ ಕಾಣಲಿಲ್ಲವೇನೋ, ಟಬ್ಬಿಗೆ ಮೊದಲು ತಣ್ಣೀರು ಬಿಡಿ, ಆಮೇಲೆ ಬಿಸಿ ಸೇರಿಸಿ, ಇದು ಸಿಕ್ಕಾಪಟ್ಟೆ ಕಾಯುತ್ತದೆ ಎಂದ. ಹೆರಿಗೆ ಆಸ್ಪತ್ರೆಯ ಆಯಮ್ಮನಿಗೆ ಬುದ್ಧಿ ಹೇಳಲು ಬಂದವನನ್ನು ಅತ್ತೆ ಹುಬ್ಬು ಹಾರಿಸಿ ಒಮ್ಮೆ ನೋಡಿದರು. ಅವನು ಸ್ಟೂಲ್ ಎತ್ತಿಟ್ಟು ಹೊರಟ. ಅವತ್ತು ಸಂಜೆ ಅತ್ತೆಗೆ ಎಲ್ಲಿಲ್ಲದ ಸಮಾಧಾನ, ಈಗ ನೋಡು ನೀರೆಂದರೆ ನೀರು ಎಂದು ಹಾಡು ಗುನುಗಿದರು.

ಸೊಸೆಯ ಚೊಂಬು ಈಗ ಒಂದರಿಂದ ಎರಡಾಯಿತು, ಮೂರಾಯಿತು. ಪುಟ್ಟಿ ಅಷ್ಟರಲ್ಲಿ ಮಂಚದ ಅಂಚು ಹಿಡಿದು ನಿಲ್ಲುವುದನ್ನು ಕಲಿತಿದ್ದಳು. ನಿಂತು, ಎರಡು ಕಾಲನ್ನೂ ಕುಣಿಸಿ, ಧೊಪ್ಪೆಂದು ಕೂತು, ತಾನೇ ಕೇಕೆ ಹಾಕುವಳು.

ಕೆಲಸಕ್ಕೆ ಮರಳುವ ಹಿಂದಿನ ಸಂಜೆ ಸೊಸೆ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಅತ್ತೆಯ ಬಳಿ ಹೋದಳು. ಅತ್ತೆ ಅವಳ ಕೆಲಸದ ಸೀರೆಗೆ ಇಸ್ತ್ರಿ ಮಾಡುತ್ತಿದ್ದರು. ಕೇಳಿರಲಿಲ್ಲ, ತಾವಾಗಿಯೇ. ಸೊಸೆಯ ಮುಖ ನೋಡಿ, ಮಗುವನ್ನು ಬಿಟ್ಟು ಹೋಗಲು ಅಳು ಬರುತ್ತಿದೆ ಎಂದುಕೊಂಡರು. ‘ನೀನು ನಿಶ್ಚಿಂತೆಯಿಂದ ಹೋಗಿ ಬಾ. ನಾನಿದೀನಲ್ಲ’ ಎಂದು ಅವಳ ತಲೆ ಸವರಿದರು. ಅಮ್ಮ ಇಲ್ಲದೆ ಬೆಳೆದವಳು, ಹಾಗೆ ತಲೆ ಸವರಿದವರು ಅವಳಿಗೆ ಬೇರೆ ಯಾರೂ ಇರಲಿಲ್ಲ. ಹೂಂ ಎಂದು ಎದ್ದು ಬಂದಳು.

ಬೆಳಗ್ಗೆ ಹೊರಡುವ ಮುಂಚೆ, ಅತ್ತೆ ಹಾಲು ಕಾಯಿಸುತ್ತಿದ್ದಾಗ, ಬಚ್ಚಲುಮನೆಗೆ ಹೋಗಿ ಸ್ಟೂಲ್ ಹತ್ತಿ ಗೀಸರಿನ ಗುಂಡಿಯನ್ನು ಹಿಂದಕ್ಕೆ, ಕಾಲು ಭಾಗಕ್ಕೆ ತಿರುಗಿಸಿಟ್ಟಳು. ತನ್ನ ಕೈಲಾದದ್ದನ್ನು ಮಾಡಿದೆ ಎನಿಸಿತು. ಮಗುವಿನ ಕೆನ್ನೆಗೆ ಮುತ್ತು ಕೊಟ್ಟು ಬಸ್ಸು ಹತ್ತಿದಳು.

ಫೋನ್ ಬಂದಾಗ ಅವಳು ಯಾರಿಗೋ ಕೆಮ್ಮಿನ ಔಷಧ ಕಟ್ಟಿಕೊಡುತ್ತಿದ್ದಳು. ಆಚೆ ಕಡೆ ಪಕ್ಕದ ಮನೆಯಾಕೆ, ಹಿಂದೆ ಮಗುವಿನ ಕಿರುಚಾಟ. ಮಗು ಹಾಗೆ ಕಿರುಚುವುದನ್ನು ಅವಳು ಯಾವತ್ತೂ ಕೇಳಿರಲಿಲ್ಲ, ಆದರೂ ಅದು ತನ್ನದೇ ಮಗು ಎಂದು ಗೊತ್ತಾಯಿತು. ಯಜಮಾನ ಅವಳ ಕೈಯಿಂದ ಔಷಧದ ಬಾಟಲಿ ತೆಗೆದುಕೊಂಡು ಆಟೋ ಹತ್ತಿಸಿದ.

ಆಗಿದ್ದು ಇಷ್ಟು. ಅತ್ತೆ ನೀರು ಬಿಟ್ಟಿದ್ದಾರೆ, ಕೈಗೆ ಬಿಸಿಯೇ ತಾಗಿಲ್ಲ. ತಲೆಯೆತ್ತಿ ನೋಡಿದರೆ ಗುಂಡಿ ಕಾಲು ಭಾಗದಲ್ಲಿದೆ. ಹೊಸ ಗೀಸರಿನ ಗುಂಡಿಯೂ ತಾನಾಗಿ ಜಾರುತ್ತಿದೆಯಲ್ಲ, ಎಂಥ ದರಿದ್ರ ಮಾಲು ಕೊಟ್ಟ ಎಂದು ಬೈದು, ಪೊರಕೆಯ ಹಿಡಿಯಿಂದ ಗುಂಡಿಯನ್ನು ಕೊನೆಯವರೆಗೆ ನೂಕಿ, ಕಾದಿದ್ದಾರೆ. ಮತ್ತೆ ನೀರು ತುಂಬಿ, ತಣ್ಣೀರು ಬೆರೆಸಿ, ಕೈಯಾಡಿಸಿ, ಸರಿ ಇದೆ ಎನಿಸಿ, ಟವೆಲ್ ತಂದಿದ್ದಾರೆ. ಟಬ್ಬಿಗೆ ಚೊಂಬು ಹಿಡಿದು ಬಗ್ಗುವವರು ಅವತ್ತು ಯಾರೂ ಇರಲಿಲ್ಲ. ನಿಲ್ಲಲು ಆಸೆಪಡುವ ಮಗು ಎಂದು, ಕಂಕುಳಿಗೆ ಕೈ ಕೊಟ್ಟು, ನಿಲ್ಲಿಸುವ ಹಾಗೆಯೇ ನೀರಿಗೆ ಇಳಿಸಿದ್ದಾರೆ.

ಎರಡೂ ಪಾದ, ಮೊಣಕಾಲಿನವರೆಗೆ. ಚರ್ಮ ಕಾಲುಚೀಲದಂತೆ ಸುಲಿದು ಬಂದಿತ್ತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಪಾದದ ವಿಷಯ ಕೇಳಿದ್ದಕ್ಕೆ, ಬೆರಳುಗಳ ಕಡೆ ಚರ್ಮ ಬಿಗಿದುಕೊಳ್ಳಬಹುದು, ನಡೆಯುವಾಗ ನೋಡೋಣ ಎಂದು ಬೇರೆ ಕಡೆ ತಿರುಗಿದರು.

ಅತ್ತೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ನೀರು ಹದವಾಗಿತ್ತು, ನಾನು ನೋಡಿದ್ದೆ, ಮಗುವನ್ನು ಇಳಿಸುವಾಗ ಆ ಹಾಳು ಗೀಸರ್ ಒಮ್ಮೆಲೇ ಕುದಿಯುವ ನೀರು ಉಗುಳಿತು. ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಬೇರೆ ಯಾವ ಕಾರಣವೂ ಹೊಳೆದಿರಲಿಲ್ಲ. ಸೊಸೆ ಕೇಳಿಸಿಕೊಂಡಳು. ಅವಳ ಗಂಡನೂ ಕೇಳಿಸಿಕೊಂಡ. ಅಮ್ಮನ ಕೈ ತಪ್ಪು ಮಾಡುವುದು ಎಂದರೆ ಅವನ ಲೆಕ್ಕದಲ್ಲಿ ಸೂರ್ಯ ಬೇರೆ ಕಡೆ ಹುಟ್ಟಿದ ಹಾಗೆ. ಅವನಿಗೆ ಟೆಸ್ಟರನ ಮೇಲೆ ರಕ್ತ ಕುದಿಯಿತು.

ಮೂರನೆಯ ದಿನ, ಪಕ್ಕದ ಮನೆಯಾಕೆಯನ್ನು ಮಗುವಿನ ಬಳಿ ಕೂರಿಸಿ, ಬಟ್ಟೆ ತರಲೆಂದು ಸೊಸೆ ಮನೆಗೆ ಬಂದಳು. ಬಚ್ಚಲುಮನೆಯಲ್ಲಿ ಗಲಾಟೆ. ಗಂಡ ಟೆಸ್ಟರನನ್ನು ಕೊರಳಪಟ್ಟಿ ಹಿಡಿದು ಎಳೆದು ತಂದಿದ್ದ. ನನ್ನ ಮಗಳ ಕಾಲು ತಿಂದೆಯಲ್ಲೋ, ಪೊಲೀಸಿಗೆ ಕೊಡುತ್ತೇನೆ, ಈ ಊರಿನಲ್ಲಿ ಇನ್ನೊಂದು ಮನೆಗೆ ನೀನು ಕೈ ಇಡದ ಹಾಗೆ ಮಾಡುತ್ತೇನೆ ಎಂದು ಕೂಗಾಡುತ್ತಿದ್ದ. ಟೆಸ್ಟರನ ಅಂಗಿಯ ಗುಂಡಿ ಕಿತ್ತು ಬಂದಿತ್ತು. ಅವನು ಸೊಸೆಯ ಕಡೆ ನೋಡಿದ. ಮೆಟ್ಟಿಲ ಮೇಲೆ ಹೇಳಿದ ಮಾತನ್ನು ಅವಳೇ ಹೇಳಲಿ ಎಂದು ಕಾದ. ಅವಳು ನೆಲ ನೋಡಿದಳು.

ಅವನು ತುಟಿ ಕಚ್ಚಿಕೊಂಡು ನಲ್ಲಿ ತಿರುಗಿಸಿದ. ಹಬೆ ಎದ್ದಿತು. ಗುಂಡಿ ಇಲ್ಲಿರುವಷ್ಟು ದಿನವೂ ಇಷ್ಟೇ ಬಿಸಿ ಬರುತ್ತದೆ ಅಣ್ಣ, ಒಮ್ಮೆಲೇ ಬರುವುದಲ್ಲ, ಬೇಕಾದರೆ ಬೆರಳಿಟ್ಟು ನೋಡಿ ಎಂದ. ಗಂಡ ಬೆರಳಿಟ್ಟವನು ತಟ್ಟನೆ ಎಳೆದುಕೊಂಡ.

‘ಸುಳ್ಳು’ ಎಂದರು ಅತ್ತೆ. ಬಾಗಿಲಲ್ಲಿ ನಿಂತಿದ್ದವರು ಮಗನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದರು. ‘ಯಾವಾಗಲೂ ಎಲ್ಲಿ ಬರುತ್ತೆ? ಈಗ ನೋಡು.’

ನಲ್ಲಿಯಡಿ ಕೈ ಹಿಡಿದರು. ಹಿಡಿದೇ ಇದ್ದರು. ನೀರು ಅವರ ಅಂಗೈ ತುಂಬಿ, ಬೆರಳ ಸಂದಿಯಿಂದ ಇಳಿದು, ಸಿಮೆಂಟ್ ನೆಲದ ಮೇಲೆ ಹಬೆಯಾಡಿತು. ಅವರು ಟೆಸ್ಟರನ ಮುಖವನ್ನೇ ನೋಡುತ್ತಿದ್ದರು. ‘ನೋಡು. ಉಗುರು ಬೆಚ್ಚಗಿದೆ. ಈ ನೀರಿಗೆ ಮಗು ಹೇಗೆ ಸುಡುತ್ತಪ್ಪ, ನೀನೇ ಹೇಳು.’

ಅಂಗೈ ಕೆಂಪಾಯಿತು, ಕೈಬೆರಳುಗಳ ಹಿಂಬದಿಯ ಚರ್ಮ ಸುಕ್ಕಾಗಿ ಮೇಲೆದ್ದಿತು. ಸೊಸೆಯೇ ಮುನ್ನುಗ್ಗಿ ನಲ್ಲಿ ನಿಲ್ಲಿಸಿದಳು. ಸಿಡಿದ ಹನಿಗಳು ಅವಳ ಮುಂಗೈಗೆ ತಾಗಿ ಅವಳು ಚೀರಿದಳು. ಆ ಚೀರಾಟ ಕೇಳಿ ಅತ್ತೆ ಅವಳ ಕೈ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಒಬ್ಬೊಬ್ಬರ ಮುಖವನ್ನೂ ಸುತ್ತ ನೋಡಿದರು. ಮಗನ ಮುಖದ ಮೇಲೆ ಅವರ ಕಣ್ಣು ನಿಂತಿತು. ಅವನು ಗೋಡೆಗೆ ಆತುಕೊಂಡು, ಅಮ್ಮಾ ಎಂದು ಅಂದೂ ಅನ್ನದ ಹಾಗೆ ಅಂದ.

ಅತ್ತೆ ಟೆಸ್ಟರನಿಗೆ, ನಿನ್ನನ್ನು ಅಂದೆನಲ್ಲಪ್ಪ, ಮನಸ್ಸಿಗೆ ಹಾಕಿಕೊಳ್ಳಬೇಡ ಎಂದರು. ಅವನು ಗುಂಡಿಯನ್ನು ಕಾಲು ಭಾಗಕ್ಕೆ ಇಳಿಸಿ, ಯಾರ ಕೈಗೂ ಸಿಗದಂತೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೋದ.

ಮಗು ಮನೆಗೆ ಬಂದ ಮೇಲೆ ಏನೇನು ಬದಲಾಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕೆಲಸ ಹೋಯಿತು, ಸೊಸೆ ಮನೆಯಲ್ಲೇ ಉಳಿದಳು. ಗಂಡ ಅಮ್ಮನ ಜೊತೆ ಮೊದಲಿನಂತೆಯೇ ಮಾತಾಡುತ್ತಿದ್ದ, ಆದರೆ ಅವರು ಮಗುವಿನ ಹತ್ತಿರ ಹೋದರೆ ತಾನೂ ಎದ್ದು ಹೋಗಿ ನಿಲ್ಲುತ್ತಿದ್ದ. ಹಾಲಿನ ಬಾಟಲಿಯನ್ನು ಅವರ ಕೈಯಿಂದ ನಗುನಗುತ್ತಲೇ ತೆಗೆದುಕೊಳ್ಳುತ್ತಿದ್ದ. ಅತ್ತೆಗೆ ಎಲ್ಲ ಅರ್ಥವಾಗುತ್ತಿತ್ತು. ಕೈಗೆ ಕಟ್ಟಿದ ಪಟ್ಟಿ ಬಿಚ್ಚಿದ ಮೇಲೂ ಅವರು ಆ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೊಸೆ ಪಾತ್ರೆ ತೊಳೆಯುತ್ತಿದ್ದಳು.

‘ಒಂದು ಮಾತು ಕೇಳ್ತೀನಿ. ಈ ಕೈ ನಿನ್ನೆ ಮೊನ್ನೆ ಹೋಗಿದ್ದಲ್ಲ ಅಂದ್ರು ಡಾಕ್ಟರು. ಹಳೇ ಗೀಸರ್ ಇದ್ದಾಗಲೂ ಹದ ನೋಡ್ತಿದ್ದೋಳು ನಾನೇ. ಆಗೆಲ್ಲ ಮಗು ಯಾಕೆ ಸುಡಲಿಲ್ಲ?’

ಸೊಸೆಯ ಕೈ ನಿಂತಿತು. ಸುಳ್ಳು ಹೇಳಬಹುದಿತ್ತು, ನಾಲ್ಕಾರು ಸುಳ್ಳುಗಳು ನಾಲಿಗೆಯ ತುದಿಗೇ ಬಂದಿದ್ದವು. ಆದರೆ ಕೇಳುತ್ತಿದ್ದವರು ಇಷ್ಟು ದಿನ ಕೂತಲ್ಲಿ ಕೂತು ಅದೊಂದನ್ನೇ ಯೋಚಿಸಿದ್ದರು.

‘ನೀವು ಟವೆಲಿಗೆ ತಿರುಗಿದಾಗ ಒಂದು ಚೊಂಬು ತಣ್ಣೀರು ಹಾಕ್ತಿದ್ದೆ ಅತ್ತೆ.’

‘ದಿನಾ?’

‘ದಿನಾ.’

ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು. ನೀರು ಆರುತ್ತದೆ, ಗೀಸರ್ ಕೆಟ್ಟಿದೆ ಎಂದು ತಾವು ಒದರಾಡಿದ್ದು, ರಿಪೇರಿಯವನನ್ನು ಕರೆಸಿದ್ದು, ಹೊಸದನ್ನು ತಂದಿದ್ದು ಎಲ್ಲ ಒಂದೊಂದಾಗಿ ಅವರಿಗೆ ಕಣ್ಣ ಮುಂದೆ ಬಂದಿರಬೇಕು. ಸೊಸೆ ಒದ್ದೆ ಕೈಯಲ್ಲೇ ಅವರ ಮುಂದೆ ಕುಕ್ಕರಿಸಿದಳು. ಕೆಲಸಕ್ಕೆ ಹೋದ ದಿನ ಬೆಳಗ್ಗೆ ಗುಂಡಿ ಇಳಿಸಿ ಹೋದದ್ದನ್ನೂ ಹೇಳಿದಳು. ನಿಮಗೆ ಬೇಜಾರಾಗುತ್ತದೆ ಅಂತ ಹೇಳಲಿಲ್ಲ ಎಂದಳು.

‘ಬೇಜಾರು’ ಎಂದರು ಅತ್ತೆ. ‘ಬೇಜಾರಾಗಿದ್ರೆ ಒಂದು ಹೊತ್ತು ಊಟ ಬಿಡ್ತಿದ್ದೆ ಕಣೇ. ಅಷ್ಟೇ ತಾನೆ?’

ಸೊಸೆ ಅತ್ತಳು. ಅತ್ತೆ ಅವಳ ತಲೆ ಸವರಲಿಲ್ಲ. ಅವಳ ಅಳು ನಿಲ್ಲುವವರೆಗೆ ಕಾದು, ಇದು ನಿನ್ನ ಗಂಡನಿಗೆ ಗೊತ್ತಾ ಎಂದು ಕೇಳಿದರು. ಅವಳು ಇಲ್ಲ ಎಂದು ತಲೆಯಾಡಿಸಿದಳು.

‘ಹೇಳಬೇಡ. ನನ್ನನ್ನ ಹೇಗಿದ್ರೂ ದೂರ ಇಟ್ಟಾಗಿದೆ. ನಿನ್ನನ್ನೂ ದೂರ ಇಟ್ರೆ ಮಗು ನೋಡೋರು ಯಾರು?’

ಗೋಡೆ ಹಿಡಿದು ಎದ್ದು ತಮ್ಮ ಮೂಲೆಗೆ ಹೋದರು. ಆಮೇಲೆ ಆ ವಿಷಯ ಅವರ ಬಾ‌ಯಲ್ಲಿ ಬರಲೇ ಇಲ್ಲ.

ಮಾರನೆಯ ಬೆಳಗ್ಗೆ ಸೊಸೆ ಮಗುವಿನ ಸ್ನಾನಕ್ಕೆ ಟಬ್ ಇಟ್ಟಳು. ನಲ್ಲಿಯ ಸದ್ದು ಕೇಳಿದ್ದೇ ತಡ ಪುಟ್ಟಿ ಅರಚತೊಡಗಿದಳು, ದಿನವೂ ಹಾಗೆಯೇ. ಎಂಥ ಕೂಸಿನ ಅಳುವನ್ನೂ ಒಂದು ಹಾಡಿಗೆ ನಿಲ್ಲಿಸುತ್ತಿದ್ದ ಅತ್ತೆ ಹೊರಗಿನ ಕೋಣೆಯಲ್ಲಿದ್ದರು, ಕೆಮ್ಮಿದ್ದು ಕೇಳಿಸಿತು, ಒಳಗೆ ಬರಲಿಲ್ಲ. ಸೊಸೆ ತಣ್ಣೀರು ಬಿಟ್ಟು, ಬಿಸಿ ಬೆರೆಸಿ, ತೋಳು ಮಡಿಸಿ, ಮೊಣಕೈ ಇಟ್ಟು ನೋಡಿದಳು. ಹದವಾಗಿತ್ತು. ಟವೆಲಿಗೆ ಕೈ ಚಾಚಿದವಳು, ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ, ಪಕ್ಕದ ಬಕೆಟ್ಟಿನಿಂದ ಒಂದು ಚೊಂಬು ತಣ್ಣೀರು ಎತ್ತಿ ಸದ್ದಾಗದಂತೆ ಟಬ್ಬಿಗೆ ಬಿಟ್ಟಳು. ನೀರು ತಣ್ಣಗಾಯಿತು. ಅದನ್ನು ಚೆಲ್ಲಿ, ಅರಚುವ ಮಗುವನ್ನು ಸೊಂಟಕ್ಕೆ ಒತ್ತಿಕೊಂಡು, ಮತ್ತೆ ಮೊದಲಿನಿಂದ ಹದ ಮಾಡತೊಡಗಿದಳು.